ಪಿಸ್ತೂಲಿನ ತೋಟಾ ಬಳಸುವ ರೈಫಲ್: ಗುರಿ ಅಭ್ಯಾಸಕ್ಕೆ ಯಾವುದನ್ನು ಆರಿಸಿಕೊಳ್ಳಲಿ?

ಪ್ರಶ್ನೆ

ನಮಸ್ಕಾರ. ನಾಲ್ಕು ವರ್ಷಗಳಿಂದ .22 ಲಾಂಗ್ ರೈಫಲ್ ತೋಟಾದ ಬೋಲ್ಟ್ ರೈಫಲ್ಲೊಂದರಲ್ಲಿ 25 ಮತ್ತು 50 ಮೀಟರ್ ದೂರದ ಕಾಗದದ ಗುರಿಗಳಿಗೆ ಗುಂಡು ಹಾರಿಸುತ್ತಾ ಬಂದಿದ್ದೇನೆ. ಈಗ ಪಿಸ್ತೂಲಿನ ತೋಟಾವನ್ನೇ ಬಳಸುವ ರೈಫಲ್ಲೊಂದನ್ನು ಕೊಳ್ಳುವ ಯೋಚನೆಯಲ್ಲಿದ್ದೇನೆ. ಉದ್ದೇಶ ಕೇವಲ ಹವ್ಯಾಸದ ಗುರಿ ಅಭ್ಯಾಸ; ಬೇಟೆಯಾಗಲಿ ಆತ್ಮರಕ್ಷಣೆಯಾಗಲಿ ನನ್ನ ಲೆಕ್ಕದಲ್ಲಿ ಇಲ್ಲ. ಪರವಾನಗಿಯ ವಿಷಯವನ್ನು ಮೊದಲೇ ವಿಚಾರಿಸಿಕೊಂಡಿದ್ದೇನೆ, ಕೆಳಗೆ ಹೇಳಿರುವ ಎರಡು ಬಗೆಗೂ ಅಡ್ಡಿಯಿಲ್ಲ.

ನನ್ನ ಬಳಿ 9 ಮಿ.ಮೀ. ಪಿಸ್ತೂಲು ಇರುವುದರಿಂದ ಅದೇ ತೋಟಾದ ಅರೆಸ್ವಯಂಚಾಲಿತ ರೈಫಲ್ ಸಹಜ ಆಯ್ಕೆ ಅನ್ನಿಸುತ್ತದೆ. ಆದರೆ ಒಮ್ಮೆ ಪರಿಚಿತರ .357 ಮ್ಯಾಗ್ನಮ್ (ರಿವಾಲ್ವರಿನ ತೋಟಾ) ಲಿವರ್ ರೈಫಲ್ಲನ್ನು, ಅಂದರೆ ಕುದುರೆಯ ಸುತ್ತಲಿನ ಹಿಡಿಯನ್ನು ಕೆಳಗೆ ತಳ್ಳಿ ಮುಂದಿನ ತೋಟಾ ಏರಿಸುವಂಥದ್ದನ್ನು, ಕೈಯಲ್ಲಿ ಹಿಡಿದು ಹತ್ತು ಗುಂಡು ಹಾರಿಸಿದ ಮೇಲೆ ಮನಸ್ಸು ಅತ್ತ ವಾಲಿದೆ. 100 ಮೀಟರಿನವರೆಗೂ ಅಭ್ಯಾಸ ಮಾಡಬೇಕು, ಉಕ್ಕಿನ ಫಲಕಗಳಿಗೂ ಹೊಡೆಯಬೇಕು ಎಂಬುದು ಆಸೆ. ವಯಸ್ಕಳಾದ ಮಗಳೂ ನನ್ನೊಡನೆ ಬರುತ್ತಾಳೆ. ಅವಳು ಎಡಗೈಯವಳು, ಮೈಕಟ್ಟು ಸಣ್ಣದು. ಪಿಸ್ತೂಲಿನ ಗುಂಡಿನಿಂದ 100 ಮೀಟರ್ ದೂರಕ್ಕೆ ನಂಬಿಕೆಯಿಂದ ಗುರಿಯಿಡಬಹುದೇ? ಉದ್ದ ನಳಿಕೆಯಿಂದ ನಿಜವಾಗಿ ಎಷ್ಟು ಲಾಭ? ಒದೆತ ಹೇಗಿರುತ್ತದೆ? ದಯವಿಟ್ಟು ತಿಳಿದವರು ತಿಳಿಸಿ.

ಮೊದಲ ಉತ್ತರ

ನಿಮ್ಮ ಪ್ರಶ್ನೆಗಳಲ್ಲಿ ದೂರದ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದ ಹೆಚ್ಚಿನ ಉತ್ತರಗಳು ಅದರಿಂದಲೇ ಹೊರಡುತ್ತವೆ. 9 ಮಿ.ಮೀ. ತೋಟಾ 1902ರ ಸುಮಾರಿಗೆ ಗೆಯೋರ್ಗ್ ಲೂಗರ್ ಪಿಸ್ತೂಲಿಗೆಂದೇ ರೂಪಿಸಿದ್ದು. ಅದರ ಗುಂಡು ಗಿಡ್ಡ, ದುಂಡುಮೂತಿಯದು. ಗಾಳಿಯನ್ನು ಸೀಳಿಕೊಂಡು ಹೋಗುವುದರಲ್ಲಿ ಉದ್ದ ಮೂತಿಯ ರೈಫಲ್ ಗುಂಡಿಗೆ ಎಂದೂ ಸಾಟಿಯಾಗದು. ಸಾಮಾನ್ಯ 115 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು ಪಿಸ್ತೂಲಿನಿಂದ ಸೆಕೆಂಡಿಗೆ ಸುಮಾರು 350 ಮೀಟರ್ ವೇಗದಲ್ಲಿ ಹೊರಟರೆ 16 ಇಂಚಿನ ನಳಿಕೆಯಿಂದ 390ರ ಆಸುಪಾಸಿನಲ್ಲಿ ಹೊರಡುತ್ತದೆ. ನೀವು ಕೇಳಿದ ಲಾಭ ಇಷ್ಟೇ. ಪಿಸ್ತೂಲಿನ ತೋಟಾದಲ್ಲಿ ತುಂಬುವ ಮದ್ದು ಬೇಗ ಉರಿದು ಮುಗಿಯುವಂಥದ್ದು, ಅದರ ಒತ್ತಡ ಮೊದಲ ಕೆಲವು ಇಂಚುಗಳಲ್ಲೇ ತನ್ನ ಕೆಲಸದ ಬಹುಪಾಲನ್ನು ಮಾಡಿಬಿಡುತ್ತದೆ. ಆಮೇಲಿನ ನಳಿಕೆ ವೇಗಕ್ಕಿಂತ ಹೆಚ್ಚಾಗಿ ತೂಕವನ್ನೂ ಸ್ಥಿರತೆಯನ್ನೂ ಕೊಡುತ್ತದೆ.

ಹಾಗೆಂದು ರೈಫಲ್ ವ್ಯರ್ಥವೆಂದು ಹೇಳುತ್ತಿಲ್ಲ. ಅದರ ನಿಜವಾದ ಲಾಭ ಇರುವುದು ಹೆಗಲು, ಕೆನ್ನೆ ಮತ್ತು ಎರಡು ಕೈ ಸೇರಿ ಕೊಡುವ ನಾಲ್ಕು ಆಸರೆಗಳಲ್ಲಿ. ಪಿಸ್ತೂಲಿನಲ್ಲಿ 25 ಮೀಟರಿಗೆ ತಿಣುಕುವವರು ಅದೇ ತೋಟಾದಿಂದ 50 ಮೀಟರಿನ ತಟ್ಟೆಯಗಲದ ಫಲಕವನ್ನು ಸಲೀಸಾಗಿ ಹೊಡೆಯುತ್ತಾರೆ. 100 ಮೀಟರಿಗೂ ಹೊಡೆಯಬಹುದು, ಆದರೆ ಗುಂಡಿನ ಇಳಿತವನ್ನು ತಿಳಿದಿರಬೇಕು. 50 ಮೀಟರಿಗೆ ದೃಷ್ಟಿ ಹೊಂದಿಸಿದ 9 ಮಿ.ಮೀ. ರೈಫಲ್ 100 ಮೀಟರಿನಲ್ಲಿ ಸುಮಾರು 15 ಸೆಂಟಿಮೀಟರ್ ಕೆಳಗೆ ತಾಗಿಸುತ್ತದೆ. ಅಲ್ಲಿಗೆ ಮುಟ್ಟುವ ಮುನ್ನವೇ ಗುಂಡು ಶಬ್ದದ ವೇಗಕ್ಕಿಂತ ಕೆಳಕ್ಕೆ ಇಳಿದಿರುತ್ತದೆ, ಅಡ್ಡಗಾಳಿಯೂ ಅದನ್ನು ಧಾರಾಳವಾಗಿ ಸರಿಸುತ್ತದೆ. ನಿಮ್ಮ .22ಗೆ ಹೋಲಿಸಿದರೆ ಇದೇನೂ ಹೊಸ ಪಾಠವಲ್ಲ. ಅದರಲ್ಲಿ ಕಲಿತ ಗಾಳಿಯ ಅಂದಾಜು ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ತೀರಾ ಹತ್ತಿರದ ಗುರಿಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು, ಹೊಸಬರು ಎಡವುವುದು ಇಲ್ಲಿಯೇ. ಕೆಂಪು ಚುಕ್ಕೆಯ ದೃಷ್ಟಿಸಾಧನ ನಳಿಕೆಗಿಂತ ಆರು ಸೆಂಟಿಮೀಟರ್ ಮೇಲೆ ಕುಳಿತಿದ್ದರೆ, ಏಳು ಮೀಟರ್ ದೂರದ ಕಾಗದದ ಮೇಲೆ ಚುಕ್ಕೆಯನ್ನು ನಡುವಿಗೆ ಇಟ್ಟು ಹೊಡೆದಾಗ ತೂತು ನಾಲ್ಕು ಸೆಂಟಿಮೀಟರಿನಷ್ಟು ಕೆಳಗೆ ಬೀಳುತ್ತದೆ. ನಾನು ಮೊದಲ ದಿನ ಇದನ್ನು ದೃಷ್ಟಿಸಾಧನದ ದೋಷವೆಂದು ತಿಳಿದು ತಿರುಪು ತಿರುಗಿಸಿಬಿಟ್ಟೆ. ಆಮೇಲೆ 50 ಮೀಟರಿನ ಗುರಿಯಲ್ಲಿ ಒಂದು ಗುಂಡೂ ಹಲಗೆಯೊಳಗೆ ಬೀಳಲಿಲ್ಲ, ಎಲ್ಲವೂ ಮೇಲೆ ಹಾರಿ ಹಿಂದಿನ ಮಣ್ಣುದಿಬ್ಬದಲ್ಲಿ ಧೂಳೆಬ್ಬಿಸಿದವು. ದೂರ ಬದಲಾದಾಗ ತಿರುಪನ್ನು ಮುಟ್ಟಬೇಡಿ. ಪ್ರತಿ ದೂರಕ್ಕೂ ಐದೈದು ಗುಂಡು ಹೊಡೆದು ತೂತು ಎಲ್ಲಿ ಬೀಳುತ್ತದೆಂದು ಬರೆದಿಟ್ಟುಕೊಳ್ಳಿ.

ಕ್ಯಾಲಿಬರಿನ ವಿಷಯದಲ್ಲಿ ನನ್ನ ಮತ 9 ಮಿ.ಮೀ. ಕಡೆಗೇ. ವರ್ಷಕ್ಕೆ ಎಷ್ಟು ಗುಂಡು ಹಾರಿಸಲು ನಿಮಗೆ ಸಾಧ್ಯವಾಗುತ್ತದೆ ಎಂಬುದೇ ಗುರಿ ಅಭ್ಯಾಸದಲ್ಲಿ ಎಲ್ಲಕ್ಕಿಂತ ದೊಡ್ಡ ಸಂಗತಿ, ಮತ್ತು ಎಲ್ಲೆಡೆ ಹೇರಳವಾಗಿ ತಯಾರಾಗುವ ತೋಟಾ ಇದು. .45 ಎಸಿಪಿ ಎಂಬ ಇನ್ನೊಂದು ಪಿಸ್ತೂಲಿನ ತೋಟಾವನ್ನು ನೀವು ಕೇಳಿಲ್ಲ, ಒಳ್ಳೆಯದೇ ಆಯಿತು. ಅದರ ಭಾರವಾದ, ನಿಧಾನದ ಗುಂಡಿಗೆ ಉದ್ದ ನಳಿಕೆಯಿಂದ ಸಿಗುವ ಪ್ರಯೋಜನ ಇನ್ನೂ ಕಡಿಮೆ, 100 ಮೀಟರಿನಲ್ಲಿ ಅದರ ಇಳಿತ ಬಹಳ ಹೆಚ್ಚು.

ಎರಡನೆಯ ಉತ್ತರ

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಒದೆತದ ಪ್ರಶ್ನೆಗೆ ಉತ್ತರ ಬಂದಿಲ್ಲ. ಸಣ್ಣ ಮೈಕಟ್ಟಿನ ಮಗಳೂ ಹಾರಿಸುವುದಾದರೆ ನೀವು ಹೆಚ್ಚು ಯೋಚಿಸಬೇಕಾದದ್ದು ಅದರ ಬಗ್ಗೆಯೇ.

9 ಮಿ.ಮೀ. ರೈಫಲ್‌ಗಳಲ್ಲಿ ಬಹುಪಾಲು ನೇರ ಬ್ಲೋಬ್ಯಾಕ್ ಪದ್ಧತಿಯವು. ಅವುಗಳಲ್ಲಿ ಬೋಲ್ಟಿಗೆ, ಅಂದರೆ ನಳಿಕೆಯ ಹಿಂಬಾಯಿಯನ್ನು ಮುಚ್ಚುವ ಲೋಹದ ತುಂಡಿಗೆ, ಬೀಗವೆಂಬುದೇ ಇರುವುದಿಲ್ಲ. ಗುಂಡು ನಳಿಕೆ ದಾಟಿ ಒತ್ತಡ ಇಳಿಯುವವರೆಗೆ ತೋಟಾ ಕೂರುವ ಚೇಂಬರನ್ನು ಮುಚ್ಚಿಟ್ಟುಕೊಳ್ಳುವುದು ಬೋಲ್ಟಿನ ತೂಕ ಮತ್ತು ಹಿಂದಿರುವ ಸ್ಪ್ರಿಂಗ್ ಮಾತ್ರ. ಆದ್ದರಿಂದ ಆ ಬೋಲ್ಟ್ ಮತ್ತು ಅದರೊಡನೆ ಚಲಿಸುವ ಭಾಗಗಳು ಅರ್ಧ ಕಿಲೋಗಿಂತ ಹೆಚ್ಚು ತೂಗುವುದು ಸಾಮಾನ್ಯ. ಅಷ್ಟು ಭಾರ ಪ್ರತಿ ಗುಂಡಿಗೂ ಹಿಂದಕ್ಕೆ ಹೋಗಿ ಅಪ್ಪಳಿಸಿ ಮತ್ತೆ ಮುಂದಕ್ಕೆ ಬಂದು ಬಡಿಯುತ್ತದೆ. ಹೆಗಲಿಗೆ ನೋವಾಗುವಂಥ ಒದೆತ ಅದಲ್ಲ. ಆದರೆ ಚುಕ್ಕೆ ಗುರಿಯ ಮೇಲೆ ನಿಲ್ಲದೆ ಮೊದಲು ಮೇಲಕ್ಕೆ, ಆಮೇಲೆ ಬೋಲ್ಟ್ ಮುಚ್ಚುವಾಗ ಕೆಳಕ್ಕೆ ಕುಣಿಯುತ್ತದೆ. ಇಷ್ಟು ಸಣ್ಣ ತೋಟಾಕ್ಕೆ ಇಷ್ಟು ಒರಟುತನವೇ ಎಂದು ಹಲವರಿಗೆ ಆಶ್ಚರ್ಯವಾಗುತ್ತದೆ.

ಇದಕ್ಕೆ ತಯಾರಕರು ಬೇರೆ ಬೇರೆ ಪರಿಹಾರ ಕಂಡುಕೊಂಡಿದ್ದಾರೆ. ಹೆಕ್ಲರ್ ಆಂಡ್ ಕಾಕ್ ಸಂಸ್ಥೆಯ ಎಂಪಿ5 ಮತ್ತು ಅದೇ ಮಾದರಿಯ ರೈಫಲ್‌ಗಳಲ್ಲಿ ಎರಡು ಸಣ್ಣ ಉರುಳೆಗಳು ಬೋಲ್ಟ್ ತೆರೆಯುವುದನ್ನು ಕ್ಷಣಕಾಲ ತಡೆಯುತ್ತವೆ, ಹಾಗಾಗಿ ಬೋಲ್ಟ್ ಹಗುರವಾಗಿರಬಹುದು. ಸಿಎಂಎಂಜಿ ಸಂಸ್ಥೆ ಬೋಲ್ಟಿನ ತಲೆ ತುಸು ತಿರುಗುವ ಮೂಲಕ ತಡೆಯುವ ವ್ಯವಸ್ಥೆಯನ್ನು ತಂದಿದೆ. ರೂಗರ್ ಸಂಸ್ಥೆಯ ಪಿಸಿ ಕಾರ್ಬೈನ್ ನೇರ ಬ್ಲೋಬ್ಯಾಕೇ ಆದರೂ, ಬೋಲ್ಟಿನೊಳಗೆ ಜಾರುವ ಟಂಗ್‌ಸ್ಟನ್ ತೂಕವೊಂದನ್ನು ಇಟ್ಟು ಹೊಡೆತವನ್ನು ಮೆತ್ತಗಾಗಿಸಿದ್ದಾರೆ. ನಿಮ್ಮ ಸಂದರ್ಭಕ್ಕೆ ಈ ಕೊನೆಯದು ಹೊಂದುತ್ತದೆ ಎಂದು ನನಗೆ ಅನ್ನಿಸಲು ಬೇರೆ ಕಾರಣವೂ ಇದೆ: ಅದರ ಬೋಲ್ಟ್ ಎಳೆಯುವ ಹಿಡಿಯನ್ನೂ ಮ್ಯಾಗಜೀನ್ (ತೋಟಾ ತುಂಬುವ ಪೆಟ್ಟಿಗೆ) ಬಿಡಿಸುವ ಗುಂಡಿಯನ್ನೂ ಎಡಬದಿಗೆ ಬದಲಾಯಿಸಿಕೊಳ್ಳಬಹುದು. ಎಡಗೈಯವರು ಬಲಗೈಯ ಕೋವಿಯೊಡನೆ ಪಡುವ ಪಾಡನ್ನು ಹತ್ತಿರದಿಂದ ಕಂಡವನು ನಾನು. ನನ್ನ ತಮ್ಮ ಎಡಹೆಗಲಿಗೆ ಕೋವಿ ಇಟ್ಟರೆ ಬಿಸಿ ಕೋಶಗಳು (ತೋಟಾದ ಖಾಲಿ ಲೋಹದ ಕವಚಗಳು) ಅವನ ಕಣ್ಣೆದುರೇ ಬಲಕ್ಕೆ ಹಾರುತ್ತಿದ್ದವು, ಮಸಿ ಬೆರೆತ ಹೊಗೆ ಕನ್ನಡಕದ ಗಾಜಿನ ಮೇಲೆ ಕುಳಿತು ಐವತ್ತು ಗುಂಡಿನೊಳಗೆ ಮಬ್ಬು ಕವಿಯುತ್ತಿತ್ತು. ಕೋಶ ಹೊರಬೀಳುವ ಬದಿಯನ್ನು ಹೆಚ್ಚಿನ ರೈಫಲ್‌ಗಳಲ್ಲಿ ಬದಲಾಯಿಸಲಾಗದು, ಆದ್ದರಿಂದ ಮಗಳಿಗೆ ಬದಿಗಳಿಂದಲೂ ಮರೆಯಿರುವ ಸುರಕ್ಷಾ ಕನ್ನಡಕವನ್ನೇ ಕೊಡಿ.

ಪಿಸ್ತೂಲಿನ ಮ್ಯಾಗಜೀನೇ ರೈಫಲ್ಲಿಗೂ ಕೂರುವುದಾದರೆ ಅದು ದೊಡ್ಡ ಅನುಕೂಲ. ಕೊಳ್ಳುವ ಮೊದಲು ನಿಮ್ಮ ಪಿಸ್ತೂಲು ಯಾವುದೆಂದು ಹೇಳಿ ಕೇಳಿಕೊಳ್ಳಿ, ತೋಟಾ ಒಂದೇ ಆದ ಮಾತ್ರಕ್ಕೆ ಮ್ಯಾಗಜೀನ್ ಒಂದೇ ಆಗುವುದಿಲ್ಲ.

ಮೂರನೆಯ ಉತ್ತರ

ಲಿವರ್ ರೈಫಲ್ಲಿನ ಪರವಾಗಿ ಮಾತನಾಡುವವರು ಯಾರೂ ಇಲ್ಲವೆಂದು ನಾನು ಬರೆಯುತ್ತಿದ್ದೇನೆ. ರಿವಾಲ್ವರಿಗೂ ರೈಫಲ್ಲಿಗೂ ಒಂದೇ ತೋಟಾ ಎಂಬ ಕಲ್ಪನೆ ಇಂದಿನದಲ್ಲ. ವಿಂಚೆಸ್ಟರ್ 1873 ರೈಫಲ್ .44-40 ತೋಟಾದೊಡನೆ ಬಂದ ಕಾಲದಿಂದಲೂ ಇದೆ. ಉದ್ದ ನಳಿಕೆಯಿಂದ ಲಾಭವೇ ಇಲ್ಲವೆಂಬ ಮಾತು .357 ಮ್ಯಾಗ್ನಮ್‌ಗೆ ಅನ್ವಯಿಸುವುದೂ ಇಲ್ಲ. ಅದರ ಉದ್ದ ಕೋಶದಲ್ಲಿ ನಿಧಾನವಾಗಿ ಉರಿಯುವ ಮದ್ದು ಹೆಚ್ಚು ಹಿಡಿಯುತ್ತದೆ. ರಿವಾಲ್ವರಿನಿಂದ ಸೆಕೆಂಡಿಗೆ 375 ಮೀಟರಿನ ಆಸುಪಾಸಿನಲ್ಲಿ ಹೋಗುವ 158 ಗ್ರೇನ್ ಗುಂಡು ರೈಫಲ್ಲಿನಿಂದ 500 ಮೀಟರ್ ದಾಟುತ್ತದೆ. 100 ಮೀಟರ್ ನಿಮಗೆ ನಿಜವಾಗಿಯೂ ಮುಖ್ಯವಾಗಿದ್ದರೆ 9 ಮಿ.ಮೀ.ಗಿಂತ ಇದೇ ಮೇಲು.

ಮಗಳಿಗೆ ಒದೆತ ಹೆಚ್ಚೆನಿಸಿದರೆ ಅದೇ ರೈಫಲ್ಲಿನಲ್ಲಿ .38 ಸ್ಪೆಷಲ್ ಎಂಬ ಕಡಿಮೆ ಬಲದ ತೋಟಾ ತುಂಬಿ. ಮೂರು ಕಿಲೋ ತೂಕದ ರೈಫಲ್ಲಿನಲ್ಲಿ ಆ ತೋಟಾದ ಒದೆತ ನಿಮ್ಮ .22ಗಿಂತ ಹೆಚ್ಚಾದರೂ ಸೌಮ್ಯವೇ, ಹೆಗಲನ್ನು ಮೆಲ್ಲನೆ ತಳ್ಳಿದಂತೆ. ಆದರೆ ಒಂದು ಎಚ್ಚರ. .38ರ ಕೋಶ .357ಗಿಂತ ಮೂರು ಮಿಲಿಮೀಟರಿಗೂ ತುಸು ಹೆಚ್ಚು ಗಿಡ್ಡ. ಆ ಉಳಿದ ಜಾಗದಲ್ಲಿ ಮಸಿಯೂ ಸೀಸವೂ ಸೇರಿ ಚೇಂಬರಿನೊಳಗೆ ಬಳೆಯಂತೆ ಗಟ್ಟಿಯಾಗುತ್ತದೆ. ಅದನ್ನು ತೆಗೆಯದೆ .357 ತುಂಬಿದರೆ ತೋಟಾ ಬಿಗಿಯಾಗಿ ಕೂರುತ್ತದೆ, ಲಿವರ್ ಕೊನೆಯ ಬೆರಳಗಲದಲ್ಲಿ ನಿಂತುಬಿಡುತ್ತದೆ. ಅದನ್ನು ಬಲವಂತದಿಂದ ಮುಚ್ಚಬೇಡಿ. .38 ಹಾರಿಸಿದ ದಿನವೇ ಹಿತ್ತಾಳೆ ಕುಂಚದಿಂದ ಚೇಂಬರನ್ನು ಉಜ್ಜಿ, ಬಿಳಿ ಬಟ್ಟೆ ಬಿಳಿಯಾಗಿಯೇ ಹೊರಬರುವವರೆಗೆ ಒರೆಸಿ.

ನಳಿಕೆಯ ಕೆಳಗಿನ ಕೊಳವೆ ಮ್ಯಾಗಜೀನಿನಲ್ಲಿ ಒಂದು ತೋಟಾದ ಮೂತಿ ಮುಂದಿನದರ ಬೆನ್ನಿನ ಪ್ರೈಮರಿಗೆ (ಬಡಿತಕ್ಕೆ ಸಿಡಿದು ಮದ್ದು ಹೊತ್ತಿಸುವ ಬಿಲ್ಲೆ) ತಾಗಿಕೊಂಡಿರುತ್ತದೆ, ಆದ್ದರಿಂದ ಚಪ್ಪಟೆ ಮೂತಿಯ ಗುಂಡನ್ನೇ ಬಳಸಿ. ಗಡಸು ಚೂಪು ಮೂತಿಯದು ಎಂದಿಗೂ ಬೇಡ. ವಿಂಚೆಸ್ಟರ್ 1892 ಮಾದರಿಯವು ಕೋಶವನ್ನು ಮೇಲಕ್ಕೆ ಎಸೆಯುತ್ತವೆ, ಮಾರ್ಲಿನ್ 1894 ಬಲಬದಿಗೆ. ದೂರದರ್ಶಕ ಹೂಡುವ ಆಸೆಯಿದ್ದರೆ ಎರಡನೆಯದು ಅನುಕೂಲ, ಎಡಗೈಯವರಿಗೆ ಮೊದಲನೆಯದು. ಲಿವರ್ ಎಂಬುದೇ ಎರಡೂ ಕೈಗೆ ಸಮನಾದದ್ದು, ಮಗಳಿಗಾಗಿ ಏನನ್ನೂ ಬದಲಾಯಿಸಬೇಕಿಲ್ಲ.

ನಾಲ್ಕನೆಯ ಉತ್ತರ

ಉಕ್ಕಿನ ಫಲಕ ಎಂಬ ಮಾತನ್ನು ಯಾರೂ ಗಮನಿಸಿದಂತಿಲ್ಲ. ಮೃದು ಉಕ್ಕಿಗೆ, ಕೈಗೆ ಸಿಕ್ಕ ಕಬ್ಬಿಣದ ತುಂಡಿಗೆ ಹೊಡೆಯಬೇಡಿ. ಗುಂಡು ಅದರಲ್ಲಿ ಗುಳಿ ಮಾಡುತ್ತದೆ, ಆ ಗುಳಿಯ ಅಂಚು ಮುಂದಿನ ಗುಂಡಿನ ಚೂರನ್ನು ನೇರ ನಿಮ್ಮೆಡೆಗೆ ತಿರುಗಿಸುತ್ತದೆ. ಎಆರ್500 ದರ್ಜೆಯ ಗಡಸು ಫಲಕವನ್ನು ತುಸು ಮುಂದಕ್ಕೆ ಬಾಗಿಸಿ ತೂಗುಹಾಕಿದರೆ ಚೂರುಗಳು ನೆಲಕ್ಕೆ ಬೀಳುತ್ತವೆ. ಪಿಸ್ತೂಲಿನ ವೇಗಕ್ಕೆ 10 ಗಜ ಕನಿಷ್ಠವೆಂಬ ರೂಢಿಯಿದೆ. ರೈಫಲ್ಲಿನಿಂದ ಹೊರಟ .357ಕ್ಕೆ ಆ ಅಳತೆ ಸಾಲದು. ನಾನು 50 ಮೀಟರಿಗಿಂತ ಹತ್ತಿರದಿಂದ ಅದನ್ನು ಉಕ್ಕಿಗೆ ಹೊಡೆಯುವುದಿಲ್ಲ. 9 ಮಿ.ಮೀ.ಗೂ 25 ಮೀಟರ್ ಇಟ್ಟುಕೊಳ್ಳುತ್ತೇನೆ. ಪಕ್ಕದಲ್ಲಿ ನಿಂತು ನೋಡುವವರಿಗೂ ಕನ್ನಡಕ ಇರಲೇಬೇಕು.

ಇನ್ನೊಂದು ಅಪಾಯ ಉದ್ದ ನಳಿಕೆಗೆ ಸಂಬಂಧಿಸಿದ್ದು. ಮದ್ದು ಕಡಿಮೆಯಿರುವ ತೋಟಾ ಸಿಡಿದರೆ ಢಂ ಎನ್ನುವ ಬದಲು ಟಪ್ ಎಂದು ಸಪ್ಪೆ ಸದ್ದು ಬರುತ್ತದೆ, ಗುಂಡು ನಳಿಕೆಯ ನಡುವೆಯೇ ಸಿಕ್ಕಿಕೊಂಡಿರಬಹುದು. ಪಿಸ್ತೂಲಿನ ಗಿಡ್ಡ ನಳಿಕೆಯಿಂದ ಹೇಗೋ ಹೊರಬೀಳಬಹುದಾಗಿದ್ದ ಗುಂಡು ರೈಫಲ್ಲಿನಲ್ಲಿ ಉಳಿದುಬಿಡುತ್ತದೆ. ಆ ಮೇಲೆ ಬೋಲ್ಟ್ ಎಳೆದು ಇನ್ನೊಂದನ್ನು ಹಾರಿಸಿದರೆ ನಳಿಕೆ ಉಬ್ಬುತ್ತದೆ ಅಥವಾ ಸೀಳುತ್ತದೆ. ಸದ್ದು ಬೇರೆಯೆನಿಸಿದ ಕೂಡಲೇ ನಿಲ್ಲಿಸಿ, ತೋಟಾ ಎಲ್ಲವನ್ನೂ ತೆಗೆದು, ಬೋಲ್ಟ್ ತೆರೆದು, ನಳಿಕೆಯೊಳಗೆ ಕಡ್ಡಿ ತೂರಿಸಿ ನೋಡಿ. ಮಗಳಿಗೂ ಮೊದಲ ದಿನವೇ ಇದನ್ನು ಹೇಳಿಕೊಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ನಿಮ್ಮ ಮಾತುಗಳನ್ನು ಓದಿದ ಮೇಲೆ ನಾವಿಬ್ಬರೂ ಎರಡು ಬಗೆಯ ರೈಫಲ್‌ಗಳನ್ನೂ ಹಾರಿಸಿ ನೋಡಿದೆವು. 9 ಮಿ.ಮೀ.ಯ ನೇರ ಬ್ಲೋಬ್ಯಾಕ್ ರೈಫಲ್ಲಿನ ಬೋಲ್ಟನ್ನು ಎಳೆಯಲು ಮಗಳಿಗೆ ಎರಡು ಬಾರಿ ಕೈ ಜಾರಿತು, ಮೂರನೆಯ ಸಲ ಹಿಡಿಯನ್ನು ಇಡೀ ಅಂಗೈಯಿಂದ ಹಿಡಿದು ಎಳೆದಳು. ಹಾರಿಸುವಾಗ ಅವಳಿಗೆ ತೊಂದರೆಯಾಗಲಿಲ್ಲ, ಆದರೆ ಸ್ಟಾಕ್ (ಹೆಗಲಿಗೆ ಊರುವ ಹಿಂಭಾಗ) ಅವಳ ತೋಳಿಗೆ ಉದ್ದವಾಗಿತ್ತು. ಕೆನ್ನೆ ಸರಿಯಾಗಿ ಕೂರದೆ ಕೆಂಪು ಚುಕ್ಕೆಯನ್ನು ಹುಡುಕುತ್ತಲೇ ಇದ್ದಳು. ಲಿವರ್ ರೈಫಲ್ಲಿನಲ್ಲಿ .38 ತುಂಬಿದಾಗ 50 ಮೀಟರಿಗೆ ಅವಳ ಐದು ಗುಂಡುಗಳು ಒಂದು ಅಂಗೈಯಗಲದಲ್ಲಿ ಬಿದ್ದವು, ನನ್ನವು ಅದಕ್ಕಿಂತ ಚದುರಿದ್ದವು.

ಆದರೂ ನನ್ನ ಪಿಸ್ತೂಲಿನ ತೋಟಾ ಬೇರೆ, ರೈಫಲ್ಲಿನದು ಬೇರೆ ಎಂದಾದರೆ ವರ್ಷಕ್ಕೆ ಹಾರಿಸುವ ಗುಂಡುಗಳ ಸಂಖ್ಯೆ ತಗ್ಗುತ್ತದೆ ಎಂಬ ಅಳುಕು ಹೋಗಿಲ್ಲ. ಸ್ಟಾಕಿನ ಉದ್ದ ಹೊಂದಿಸಬಹುದಾದ 9 ಮಿ.ಮೀ. ರೈಫಲ್ಲೊಂದನ್ನು ಅವಳ ಹೆಗಲಿಗೆ ಇಟ್ಟು ನೋಡದೆ ತೀರ್ಮಾನಿಸುವುದಿಲ್ಲ.

ಎರಡನೆಯ ಉತ್ತರ ಕೊಟ್ಟವರಿಂದ

ಹಾಗೆಯೇ ಮಾಡಿ. ರೂಗರ್ ಪಿಸಿ ಕಾರ್ಬೈನಿನ ಮೂಲ ಮಾದರಿಯಲ್ಲಿ ಸ್ಟಾಕಿನ ಹಿಂತುದಿಗೆ ಸೇರಿಸುವ ಬಿಲ್ಲೆಗಳಿರುತ್ತವೆ, ಅವನ್ನು ತೆಗೆದು ಗಿಡ್ಡ ಮಾಡಬಹುದು. ನೋಡುವಾಗ ಮಗಳಿಗೆ ಕಣ್ಣು ಮುಚ್ಚಿಕೊಂಡು ರೈಫಲ್ಲನ್ನು ಹೆಗಲಿಗೆ ಏರಿಸಿ, ಕೆನ್ನೆ ಇಟ್ಟು, ಆಮೇಲೆ ಕಣ್ಣು ತೆರೆಯಲು ಹೇಳಿ. ಖಾಲಿ ರೈಫಲ್ಲಿನಲ್ಲಿ, ಚೇಂಬರನ್ನು ಇಬ್ಬರೂ ನೋಡಿದ ನಂತರ, ನಳಿಕೆ ಸುರಕ್ಷಿತ ದಿಕ್ಕಿಗೆ ಇರುವಾಗ ಮಾತ್ರ. ಕಣ್ಣು ತೆರೆದ ಕೂಡಲೇ ಚುಕ್ಕೆ ಗಾಜಿನ ನಡುವೆ ಕಂಡರೆ ಅಳತೆ ಸರಿಯಿದೆ. ತಲೆ ಸರಿಸಿ ಹುಡುಕಬೇಕಾಗಿ ಬಂದರೆ ಇನ್ನೊಂದು ಬಿಲ್ಲೆ ತೆಗೆಯಿರಿ.