ಪುಸ್ತಕ ನೋಡಿದ ಪೈಲಟ್

ಶಿರಸಿ ಮಾವ: (ವಿಡಿಯೋ) "ಆಕಾಶದಲ್ಲಿ ವಾರ್ನಿಂಗ್ ಲೈಟ್! ಪೈಲಟ್ ಪುಸ್ತಕ ಓದುತ್ತಾ ಕೂತ! 40 ನಿಮಿಷ ಸುತ್ತಿದ ವಿಮಾನ!" ಎಲ್ಲರೂ ನೋಡಿ. ಕೆಲಸ ಗೊತ್ತಿಲ್ಲದವರ ಕೈಗೆ ವಿಮಾನ ಕೊಡುತ್ತಾರೆ.

ಕುಮಟಾ ಅತ್ತೆ: ಅಯ್ಯೋ ದೇವರೇ. ಮುಂದಿನ ವಾರ ನಾವು ಹುಬ್ಬಳ್ಳಿಯಿಂದ ಹೋಗುವುದಿದೆ.

ಕಾರವಾರ ಅಣ್ಣ: ಹೆದರಬೇಡಿ ಅತ್ತೆ. ಮಾವ, ಆ ಪೈಲಟ್ ಮಾಡಿದ್ದು ಸರಿಯಾಗಿಯೇ ಇದೆ. ಅವರ ಕೈಯಲ್ಲಿರುವುದು ಚೆಕ್‌ಲಿಸ್ಟ್. ಯಾವ ಲೈಟ್ ಬಂದರೆ ಏನು ಮಾಡಬೇಕು ಅಂತ ಅದರಲ್ಲಿ ಸಾಲಾಗಿ ಬರೆದಿರುತ್ತದೆ. ಒಬ್ಬರು ಓದಿ ಮಾಡುತ್ತಾರೆ. ಇನ್ನೊಬ್ಬರು ವಿಮಾನ ಹಾರಿಸುತ್ತಲೇ ಇರುತ್ತಾರೆ.

ಶಿರಸಿ ಮಾವ: ಇಷ್ಟು ವರ್ಷ ಕಲಿತವನಿಗೆ ಅಷ್ಟೂ ಬಾಯಿಪಾಠ ಇರಬೇಡ್ವಾ ತಮಾ?

ಕಾರವಾರ ಅಣ್ಣ: ಕೆಲವು ಇರುತ್ತವೆ. ಒಳಗಿನ ಗಾಳಿಯ ಒತ್ತಡ ಹೋದರೆ ಮೊದಲು ಮಾಸ್ಕ್ ಹಾಕಿಕೊಳ್ಳಬೇಕು, ಅದಕ್ಕೆ ಪುಸ್ತಕ ತೆಗೆಯುವುದಿಲ್ಲ. ಉಳಿದದ್ದಕ್ಕೆ ನೆನಪನ್ನು ನಂಬಬಾರದು ಮಾವ. ಗಾಬರಿಯಲ್ಲಿ ಕೈ ಎಲ್ಲಿಗೋ ಹೋಗುತ್ತದೆ. 2015ರಲ್ಲಿ ತೈಪೆಯಲ್ಲಿ ಒಂದು ಎಂಜಿನ್ ಕೈಕೊಟ್ಟಾಗ, ಚೆನ್ನಾಗಿದ್ದ ಇನ್ನೊಂದನ್ನು ನಿಲ್ಲಿಸಿಬಿಟ್ಟರು.

1972ರ ಡಿಸೆಂಬರ್‌ನಲ್ಲಿ ಮಯಾಮಿ ಹತ್ತಿರ ಆಗಿದ್ದು ಕೇಳಿ. ಮುಂದಿನ ಚಕ್ರ ಇಳಿದಿದೆ ಅಂತ ತೋರಿಸುವ ಹಸಿರು ಲೈಟ್ ಹತ್ತಲಿಲ್ಲ. ಕೆಟ್ಟಿದ್ದು ಬಲ್ಬ್ ಅಷ್ಟೇ. ಕಾಕ್‌ಪಿಟ್‌ನಲ್ಲಿದ್ದ ಎಲ್ಲರೂ ಅದರ ಹಿಂದೆ ಬಿದ್ದರು. ವಿಮಾನ ನಿಧಾನಕ್ಕೆ ಕೆಳಗಿಳಿಯುತ್ತಿದ್ದದ್ದು ಯಾರ ಗಮನಕ್ಕೂ ಬರಲಿಲ್ಲ. ಜೌಗು ನೆಲಕ್ಕೆ ಬಿತ್ತು. ಸುಮಾರು 100 ಜನ ಹೋದರು. ನಮ್ಮ ಬೈತಕೋಲ ಬಂದರಿನಲ್ಲಿ ಮೀನು ದೋಣಿ ನಡೆಸುವ ತಾಂಡೇಲ ಎಂಜಿನ್ ಬಿಸಿಯಾಯ್ತು ಅಂತ ಚುಕ್ಕಾಣಿ ಬಿಟ್ಟು ಕೆಳಗೆ ಇಳಿಯುತ್ತಾನಾ?

ಶಿರಸಿ ಮಾವ: ಸರಿ. ಆದರೆ 40 ನಿಮಿಷ ಸುತ್ತುವುದು ಯಾಕೆ? ಕೂಡಲೇ ಇಳಿಸಬೇಕಪ್ಪ.

ಕಾರವಾರ ಅಣ್ಣ: ಬೆಂಕಿ, ಹೊಗೆ ಇದ್ದರೆ ಕೂಡಲೇ ಇಳಿಸುತ್ತಾರೆ. ಇಲ್ಲದಿದ್ದರೆ ಏನು ಕೆಟ್ಟಿದೆ, ಬ್ರೇಕ್ ಎಷ್ಟು ಹಿಡಿಯುತ್ತದೆ, ಎಷ್ಟು ಉದ್ದದ ರನ್‌ವೇ ಬೇಕು ಅಂತ ಲೆಕ್ಕ ಹಾಕಿಯೇ ಇಳಿಯಬೇಕು. 2010ರ ನವೆಂಬರ್ 4ರಂದು ಸಿಂಗಪುರದಿಂದ ಹೊರಟ ಕ್ವಾಂಟಾಸ್ ಕಂಪನಿಯ ಎ380 ವಿಮಾನದ ಒಂದು ಎಂಜಿನ್ ಸಿಡಿಯಿತು. ಪರದೆ ತುಂಬಾ ಎಚ್ಚರಿಕೆಗಳು. ಅವನ್ನೆಲ್ಲ ಓದಿ ಮುಗಿಸಲಿಕ್ಕೇ ಸುಮಾರು 50 ನಿಮಿಷ ಬೇಕಾಯಿತು. 469 ಜನರೂ ಉಳಿದರು.

ಬೆಂಗಳೂರು ತಂಗಿ: ಅಣ್ಣಾ, ಎಲ್ಲಾ ಸರಿ ಇದೆ ಅಂತ ಸುಮ್ನೆ ಸಮಾಧಾನ ಮಾಡಬೇಡ. 2018ರಲ್ಲಿ ಇಂಡೋನೇಷ್ಯಾದ ಲಯನ್ ಏರ್ ವಿಮಾನ ಬಿತ್ತಲ್ಲ? ಹಿಂದಿನ ರಾತ್ರಿಯೇ ಅದೇ ವಿಮಾನದಲ್ಲಿ ಅದೇ ತೊಂದರೆ ಬಂದಿತ್ತು ಅಲ್ವಾ?

ಕಾರವಾರ ಅಣ್ಣ: ಬಂದಿತ್ತು. ಅದನ್ನು ನೆನೆಸಿದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ವಿಮಾನದ್ದೇ ದೋಷ ಇತ್ತು, ಬದಲಾಯಿಸಿ ಹಾಕಿದ ಸೆನ್ಸರ್ ಕೂಡ ತಪ್ಪು ತೋರಿಸುತ್ತಿತ್ತು. ಹಿಂದಿನ ರಾತ್ರಿಯವರು ಚೆಕ್‌ಲಿಸ್ಟ್ ಹಿಡಿದು, ತಾನಾಗಿ ತಿರುಗಿ ವಿಮಾನದ ಮೂತಿಯನ್ನು ಕೆಳಗೆ ಒತ್ತುತ್ತಿದ್ದ ಟ್ರಿಮ್‌ನ (ಬಾಲದ ರೆಕ್ಕೆ ಹೊಂದಿಸುವ ವ್ಯವಸ್ಥೆ) ಸ್ವಿಚ್ ಆಫ್ ಮಾಡಿ ಜಕಾರ್ತಕ್ಕೆ ತಂದು ಇಳಿಸಿದರು. ಆದರೆ ಟೆಕ್ ಲಾಗ್‌ನಲ್ಲಿ, ಅಂದರೆ ವಿಮಾನದ ತೊಂದರೆ ಬರೆದಿಡುವ ಪುಸ್ತಕದಲ್ಲಿ, ಪೂರ್ತಿ ಬರೆಯಲಿಲ್ಲ. ಪೈಲಟ್ ಕೈಯ ಕಂಟ್ರೋಲ್ ಎಚ್ಚರಿಕೆಗಾಗಿ ನಡುಗಿದ್ದು, ಆ ಸ್ವಿಚ್ ಮುಟ್ಟಿದ್ದು ಎರಡೂ ಅದರಲ್ಲಿ ಇರಲಿಲ್ಲ. ಬೆಳಿಗ್ಗೆ ಬಂದವರಿಗೆ ಗೊತ್ತಾಗುವುದು ಹೇಗೆ? 189 ಜನ ತೀರಿಕೊಂಡರು.

ನೌಕಾಪಡೆಯಲ್ಲಿ ನಾನು ಮಾಡಿದ್ದು ಇದೇ ರಿಪೇರಿ ಕೆಲಸ. "ಲೈಟ್ ಬಂತು, ಹೋಯಿತು" ಅಂತ ಒಂದೇ ಸಾಲು ಬರೆದಿದ್ದರೆ ನಾವು ಏನು ಹುಡುಕುವುದು? ಎಷ್ಟು ಎತ್ತರದಲ್ಲಿ, ಮಳೆ ಇತ್ತಾ, ಏನು ಒತ್ತಿದಾಗ ಬಂತು, ಎಲ್ಲಾ ಬೇಕು. ಒಮ್ಮೆ ನೆಲದ ಮೇಲೆ ಎಷ್ಟು ನೋಡಿದರೂ ಲೈಟ್ ಬರಲೇ ಇಲ್ಲ. ಮೋಡದೊಳಗೆ ಹೊಕ್ಕಾಗ ಬಂತು ಅಂತ ಪೈಲಟ್ ಬರೆದಿದ್ದರು. ಆ ಒಂದು ಮಾತಿನಿಂದ ಕನೆಕ್ಟರ್ ಬಿಚ್ಚಿದೆವು. ಒಳಗೆ ಒಂದು ಪಿನ್ ಮೇಲೆ ಹಸಿರು ಕಿಲುಬು. ಸಮುದ್ರದ ಉಪ್ಪುಗಾಳಿ. ಹಸಿಯಾದಾಗ ಮಾತ್ರ ಶಾರ್ಟ್ ಆಗುತ್ತಿತ್ತು.

ಕುಮಟಾ ಅತ್ತೆ: ಕೆಟ್ಟದ್ದನ್ನು ಹಾಗೇ ಇಟ್ಟುಕೊಂಡು ಹಾರಿಸುತ್ತಾರೆ ಅಂತಾರಲ್ಲ, ಅದು ನಿಜವಾ?

ಕಾರವಾರ ಅಣ್ಣ: ನಿಜ ಅತ್ತೆ. ಯಾವುದು ಕೆಟ್ಟರೂ ಹೋಗಬಹುದು, ಯಾವುದು ಕೆಟ್ಟರೆ ಹೋಗಲೇಬಾರದು ಅಂತ ಎಂಇಎಲ್ ಪಟ್ಟಿ ಇರುತ್ತದೆ. ಕೆಲವಕ್ಕೆ 3 ದಿನ, ಕೆಲವಕ್ಕೆ 10 ದಿನ ಗಡುವು. ಅಷ್ಟರೊಳಗೆ ಸರಿ ಮಾಡಬೇಕು.

ಶಿರಸಿ ಮಾವ: ಹೋದ ವರ್ಷ ನಮ್ಮನ್ನು ಬಾಗಿಲು ಹಾಕಿ ಎರಡು ತಾಸು ಕೂರಿಸಿದ್ದರು. ಏನಾಗಿದೆ ಅಂತ ಒಬ್ಬರೂ ಹೇಳಲಿಲ್ಲ. ನನಗೆ ಸಿಟ್ಟು ಬರುವುದು ಅದಕ್ಕೆ.

ಕಾರವಾರ ಅಣ್ಣ: ನಿಮ್ಮ ಸಿಟ್ಟು ನ್ಯಾಯವೇ ಮಾವ. ಎರಡು ಮಾತು ಹೇಳಬೇಕಿತ್ತು.

ಶಿರಸಿ ಮಾವ: ಈ ವಿಡಿಯೋ ಇನ್ನೂ ಮೂರು ಗುಂಪಿಗೆ ಹಾಕಿಬಿಟ್ಟೆ ತಮಾ. ಅಲ್ಲಿ ಏನು ಬರೆಯಲಿ?

ಕಾರವಾರ ಅಣ್ಣ: ಕೊನೆಯ ತನಕ ನೋಡಿ ಅಂತ ಬರೆಯಿರಿ. ಚಕ್ರ ನೆಲ ಮುಟ್ಟುವುದು ಕಾಣಿಸುತ್ತದೆ.