ಮಾಸ್ತರ ಸೊಂಟ, ಶೆಟ್ರ ಪಾನಾ

ಪುಣೆಯ ಡೆಕ್ಕನ್ ಹತ್ತಿರದ ಉಡುಪಿ ಹೋಟೆಲು, ಭಾನುವಾರದ ಮೂಲೆ ಟೇಬಲ್ಲು. ಕೂತವರು: ಧಾರವಾಡದ ಮಾಸ್ತರು, ಅವರನ್ನು ಬಿಟ್ಟಿರದ ಕಾಕಾ, ಸೈಕಲ್ ಕಂಡರೆ ಬಿಚ್ಚದೆ ಬಿಡದ ಶೆಟ್ರು, ಮೈಸೂರು ಕಡೆಯ ಫಿಸಿಯೋಥೆರಪಿ ಅಕ್ಕ. ವಿಷಯ: ಡಿಸ್ಕ್ ಜಾರಿದ ಮಾಸ್ತರಿಗೆ ಯಾವ ಸೈಕಲ್ಲು?

"ನೆಟ್ಟಗ ಕೂಡೂ ಸೈಕಲ್ ಬೇಕ್ರಿ," ಎಂದರು ಮಾಸ್ತರು. "ಅಂಗಡ್ಯಾವ ಮುಂದ ದಪ್ಪನ್ನ ಶಾಕಪ್ ಇರೂದು ತೋರಿಸ್ಯಾನ. ಸೊಂಟಕ್ಕ ಭಾಳ ಚಲೋ ಅಂತ."

"ಮುಂದಿನ ಶಾಕಪ್ ಕೈಗೆ ಮಾರಾಯ್ರೆ, ಸೊಂಟಕ್ಕಲ್ಲ," ಶೆಟ್ರು ದೋಸೆ ಬಿಟ್ಟು ಎದ್ದೇ ಬಿಟ್ಟರು. "ನಿಮ್ಮ ಭಾರ ಇರುದು ಹಿಂದಿನ ಚಕ್ರದ ಮೇಲೆ. ಅದು ಹೊಂಡಕ್ಕೆ ಬಿದ್ರೆ ಪೆಟ್ಟು ಸೀಟಿನ ಪೈಪು ಹತ್ತಿ ಸೀದಾ ಬೆನ್ನಿಗೆ. ಅಗ್ಗದ ಶಾಕಪ್ ಅಂದ್ರೆ ಎರಡು ಕಿಲೋ ಕಬ್ಬಿಣ ದಂಡಕ್ಕೆ ಹೊರುದು."

"ನೆಟ್ಟಗೆ ಅನ್ನೋದನ್ನೂ ಸ್ವಲ್ಪ ನೋಡಿ ಹೇಳಬೇಕು ಮೇಷ್ಟ್ರೇ," ಅಕ್ಕ ಕಾಫಿ ಕೆಳಗಿಟ್ಟರು. "ತೀರಾ ಸೆಟೆದು ಕೂತರೆ ಪೂರ್ತಿ ಭಾರ ಬೆನ್ನುಮೂಳೆ ಮೇಲೇ ಬೀಳುತ್ತೆ, ಕೈಗಳು ಏನೂ ಹಂಚಿಕೊಳ್ಳಲ್ಲ. ಹತ್ತು ಹದಿನೈದು ಡಿಗ್ರಿ ಮುಂದಕ್ಕೆ ಬಾಗಿ. ಆ ಬಾಗು ತೊಡೆಸಂದಿಂದ ಬರಬೇಕು, ಬೆನ್ನು ಗೂನಾಗಬಾರದು. ಇದು ಡಿಸ್ಕ್‌ನವರಿಗೆ. ನರ ಹೋಗೋ ದಾರಿ ಕಿರಿದಾದವರಿಗೆ ಲೆಕ್ಕ ಬೇರೆ, ಅವರಲ್ಲಿ ಬಹಳ ಜನಕ್ಕೆ ಇನ್ನೂ ಮುಂದಕ್ಕೆ ಬಾಗಿದ್ರೇನೇ ಆರಾಮ."

"ಅಂದ್ರ ಸೈಕಲ್ ಅಂಗಡಿಗೆ ಎಂ.ಆರ್.ಐ. ತಗೊಂಡ ಹೋಗಬೇಕು," ಎಂದರು ಕಾಕಾ.

"ನಗಬೇಡಿ. ಕಾಲಿಗೆ ನೋವು ಇಳೀತಿದ್ರೆ, ಪಾದ ಜೋಮು ಹಿಡೀತಿದ್ರೆ ಮೊದಲು ಡಾಕ್ಟರು, ಆಮೇಲೆ ಸೈಕಲ್ಲು."

ಶೆಟ್ರು ಚಮಚವನ್ನೇ ಹ್ಯಾಂಡಲ್ ಮಾಡಿಕೊಂಡರು. "ಹ್ಯಾಂಡಲ್ ಸೀಟಿಗಿಂತ ಐದರಿಂದ ಹತ್ತು ಸೆಂಟಿಮೀಟರ್ ಮೇಲೆ ಬೇಕು, ತುದಿ ನಿಮ್ಮ ಕಡೆಗೆ ಬಾಗಿರಬೇಕು. ಹ್ಯಾಂಡಲನ್ನು ಹಿಡಿದಿರುವ ತುಂಡಿಗೆ ಸ್ಟೆಮ್ ಅಂತ ಹೇಳುದು. ಅದು ಪೈಪಿನೊಳಗೆ ಇಳಿದಿರುವ ಹಳೇ ಮಾದರಿಯದ್ದಾದ್ರೆ ಮೇಲಿನ ಬೋಲ್ಟು ಎರಡು ಮೂರು ಸುತ್ತು ಸಡಿಲು ಮಾಡಿ. ಅದರ ತಲೆ ಮೇಲೆ ಮರದ ತುಂಡಿಟ್ಟು ಸುತ್ತಿಗೆಯಲ್ಲಿ ಒಂದು ಕೊಡಿ. ಒಳಗಿನ ಬೆಣೆ ಬಿಡ್ತದೆ, ಮೇಲೆ ಎಳೀರಿ. ಪೈಪಿನಲ್ಲಿ ಒಂದು ಗೀಟು ಉಂಟು, ಅದು ಹೊರಗೆ ಕಾಣುವಷ್ಟು ಎಳೆದ್ರೆ ಒಂದು ದಿನ ಹ್ಯಾಂಡಲ್ ಕೈಯಲ್ಲಿ, ಸೈಕಲ್ ರಸ್ತೆಯಲ್ಲಿ. ಹೊಸ ಮಾದರಿ ಸ್ಟೆಮ್ ಹೀಗೆ ಎಳೀಲಿಕ್ಕೆ ಬರುದಿಲ್ಲ, ಎತ್ತರ ಹೆಚ್ಚಿಸುವ ಎಕ್ಸ್‌ಟೆಂಡರ್ ಹಾಕಬೇಕು, ಇಲ್ಲಾ ಕೋನ ತಿರುಗುವ ಸ್ಟೆಮ್. ಯಾವುದೇ ಆಗಲಿ, ಎತ್ತಿ ಬಿಗಿದ ಮೇಲೆ ಹ್ಯಾಂಡಲ್ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಿ. ಬ್ರೇಕ್ ವೈರು ಬಿಗೀತದೆ ಅಂದ್ರೆ ವೈರೂ ಉದ್ದದ್ದು ಹಾಕ್ಬೇಕು."

"ಗಾಡಿ ಹತ್ತೂದು ಹ್ಯಾಂಗ ಅಂತ ಯಾರೂ ಹೇಳವಲ್ಲರು," ಮಾಸ್ತರು ಗೊಣಗಿದರು. "ಕಾಲು ಹಿಂದಿಂದ ಎತ್ತಿ ಹಾಕಿದ ಕೂಡ್ಲೆ ಸೊಂಟ ಹಿಡೀತೈತಿ."

"ಅದಕ್ಕೇ ನಡು ದಂಡಿ ಇಲ್ಲದ್ದು ತಗೊಳ್ಳಿ," ಎಂದರು ಅಕ್ಕ. "ಕಾಲು ಎತ್ತಿ ತಿರುಗಿಸುವಾಗ ಬೆನ್ನು ತಿರುಚುತ್ತೆ, ಡಿಸ್ಕ್‌ಗೆ ಬೇಡವೇ ಬೇಡದ್ದು ಅದು."

"ಲೇಡೀಸ್ ಸೈಕಲ್!" ಕಾಕಾನ ದನಿಗೆ ಪಕ್ಕದ ಟೇಬಲಿನ ಮಿಸಳ್ ತಿನ್ನುವವರೂ ತಿರುಗಿ ನೋಡಿದರು. "ಮಾಸ್ತರ, ಕರ್ವೆ ರಸ್ತೇದಾಗ ವಿದ್ಯಾರ್ಥಿಗಳು ನೋಡಿದ್ರ?"

"ಮಾಸ್ತರು ನೆಟ್ಟಗ ಹೊಂಟಾರ ಅಂತಾರ. ಆಂಬುಲೆನ್ಸಿನ್ಯಾಗ ನೋಡೂಕಿಂತ ಚಲೋ. ಶೆಟ್ರ, ಮುಂದ ಹೇಳ್ರಿ."

"ಸೀಟು. ದುಡ್ಡು ಹಾಕುದಿದ್ರೆ ಇಲ್ಲಿ ಹಾಕಿ."

"ಸೀಟಿನ ಅಗಲ ನಾನು ಹೇಳ್ತೀನಿ," ಅಕ್ಕ ನಡುವೆ ಬಂದರು. "ಪಾರ್ಸಲ್ ಪೆಟ್ಟಿಗೆಯ ಅಲೆಅಲೆ ರಟ್ಟು ಇರುತ್ತಲ್ಲ, ಅದನ್ನ ಗಟ್ಟಿ ಸ್ಟೂಲ್ ಮೇಲಿಟ್ಟು, ಹಿಮ್ಮಡಿ ಎತ್ತಿ ಎರಡು ನಿಮಿಷ ಕೂತ್ಕೊಳ್ಳಿ. ಎರಡು ಗುಳಿ ಬೀಳುತ್ತೆ. ಮಧ್ಯದಿಂದ ಮಧ್ಯಕ್ಕೆ ಅಳೆದು ನಾಲ್ಕೈದು ಸೆಂಟಿಮೀಟರ್ ಸೇರಿಸಿ. ಗುಳಿಗಳ ಅಂತರ 12 ಬಂದ್ರೆ ಸೀಟು 16ರಿಂದ 17. ಮೆತ್ತಗಿನ ಜೆಲ್ ಕವರ್ ಬೇಡ. ಮೂಳೆ ಒಳಗೆ ಇಳಿದು, ಭಾರ ಪಕ್ಕದ ಮಾಂಸಕ್ಕೆ ಬಿದ್ದು ಜೋಮು ಹಿಡಿಯುತ್ತೆ."

"ಮಾಸ್ತರು ಕೂತ ಮ್ಯಾಲ ರಟ್ಟಿನ್ಯಾಗ ಗುಳಿ ಉಳೀತಾವೋ, ರಟ್ಟ ಉಳೀತೈತೋ?" ಕಾಕಾ ಚಟ್ನಿ ನೆಕ್ಕಿದರು.

"ಕೆಳಗೆ ಎರಡು ದಪ್ಪ ಸ್ಪ್ರಿಂಗ್ ಇರುವ ಹಳೇ ಥರದ ಸೀಟು ಸಾಕು," ಶೆಟ್ರು ನಗು ತಡೆದುಕೊಂಡರು. "ಇನ್ನೂ ಬೇಕಾದ್ರೆ ಸ್ಪ್ರಿಂಗ್ ಇರುವ ಸೀಟ್ ಪೈಪ್ ಬರ್ತದೆ. ನಿಮ್ಮ ಹಳೇ ಪೈಪ್ ಹೊರಗೆ ಎಳೆದ್ರೆ ಕೆಳಗೆ 27.2 ಅಂತಲೋ 30.9 ಅಂತಲೋ ಹೊಡೆದಿರ್ತದೆ. ಅದೇ ಅಳತೆ ತನ್ನಿ. ಸಣ್ಣದಾದ್ರೆ ಎಷ್ಟು ಬಿಗಿದ್ರೂ ಜಾರ್ತದೆ. ಅಡಿಯ ಸ್ಕ್ರೂ ನಿಮ್ಮ ತೂಕಕ್ಕೆ ಸರಿಯಾಗಿ ತಿರುಗಿಸದಿದ್ರೆ ಒಂದೋ ಮಿಸುಕಾಡುದಿಲ್ಲ, ಇಲ್ಲಾ ದಿನವಿಡೀ ಕುಣಿಸ್ತದೆ."

"ಎತ್ತರ?"

"ಪೆಡಲ್ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೇರ ಆಗಬೇಕು," ಅಕ್ಕ ಹೇಳಿದರು. "ಆಮೇಲೆ ಪಾದದ ಮುಂಭಾಗ ಇಟ್ಟು ತುಳಿದರೆ ಮೊಣಕಾಲು ತಾನೇ ಸ್ವಲ್ಪ ಮಡಚುತ್ತೆ. ಎತ್ತರ ಹೆಚ್ಚಾದ್ರೆ ಸೊಂಟ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತೆ. ಹಿಂದೆ ಬರೋರಿಗೆ ಅದು ಚೆನ್ನಾಗಿ ಕಾಣ್ಸುತ್ತೆ, ನಿಮಗೆ ರಾತ್ರಿ ಗೊತ್ತಾಗುತ್ತೆ."

ಟಯರಿನ ಮಾತು ಬಂತು. ಪುಣೆಯ ಸ್ಪೀಡ್ ಬ್ರೇಕರುಗಳ ಬಗ್ಗೆ ಕಾಕಾ ಹೇಳಿದ್ದನ್ನು ಬರೆಯುವಂತಿಲ್ಲ.

"ಅಗಲ 40 ಮಿಲಿಮೀಟರ್ ಆಸುಪಾಸು ಇರಲಿ," ಎಂದರು ಶೆಟ್ರು. "ಪಂಕ್ಚರ್ ಅಂಗಡಿಯವ ಕಲ್ಲಾಗುವಷ್ಟು ಗಾಳಿ ತುಂಬ್ತಾನೆ, ಬಿಡಬೇಡಿ. ಮೊದಲು ಟಯರಿನ ಬದಿಯಲ್ಲಿ ಬರೆದ ಮಿತಿ ಓದಿ. ನಿಮ್ಮ 75 ಕಿಲೋಗೆ ಹಿಂದೆ 45, ಮುಂದೆ 40 ಪಿ.ಎಸ್.ಐ.ನಿಂದ ಶುರು ಮಾಡಿ. ತೀರಾ ಇಳಿಸಿದ್ರೆ ಹೊಂಡದಲ್ಲಿ ರಿಮ್ಮು ಟ್ಯೂಬನ್ನು ಕಚ್ಚಿ ಅಕ್ಕಪಕ್ಕ ಎರಡು ತೂತು ಮಾಡ್ತದೆ."

"ನಮ್ಮ ಹಳೇ ಕರೀ ಸೈಕಲ್ಲೇ ಸಾಕಲ್ಲೇನ್ರಿ?" ಮಾಸ್ತರು ಕೇಳಿದರು. " ಹ್ಯಾಂಡಲ್ ಎತ್ತರ ಐತಿ, ಸ್ಪ್ರಿಂಗ್ ಸೀಟ್ ಐತಿ."

"ಕೂರಲಿಕ್ಕೆ ರಾಜ, ಎತ್ತಲಿಕ್ಕೆ ಯಮ. ಇಪ್ಪತ್ತು ಕಿಲೋ ದಾಟ್ತದೆ. ಡಬಲ್ ಸ್ಟ್ಯಾಂಡ್ ಹಾಕುವಾಗ ಬಗ್ಗಿ ಹಿಂದಕ್ಕೆ ಎಳೀತೀರಲ್ಲ, ಆಗಲೇ ಸೊಂಟ ಲಟಕ್. ಇಟ್ಟುಕೊಳ್ಳುದಾದ್ರೆ ಸೈಡ್ ಸ್ಟ್ಯಾಂಡ್ ಹಾಕ್ಸಿ. ಹಿಂದಿನ ಫ್ರೀವೀಲ್ 18 ಹಲ್ಲಿನದ್ದಾದ್ರೆ 20 ಇಲ್ಲಾ 22ರದ್ದು ಮಾಡ್ಸಿ, ಏರಿನಲ್ಲಿ ಜಗ್ಗಿ ತುಳಿಯುದು ತಪ್ತದೆ. ಚೈನು ಗಿಡ್ಡ ಆದ್ರೆ ಒಂದೆರಡು ಕೊಂಡಿ ಸೇರಿಸ್ಬೇಕು. ಮಹಡಿ ಹತ್ತಿಸುದಿದ್ರೆ ಮಾತ್ರ ಅದು ಬೇಡ, ಅಲ್ಯೂಮಿನಿಯಂದು ನೋಡಿ, ಹಿಂದೆ ಏಳು ಗೇರು."

"ಬ್ಯಾಗು ಬೆನ್ನಿಗೆ ಬೇಡ, ಕ್ಯಾರಿಯರ್‌ಗೆ," ಅಕ್ಕ ಬೆರಳು ಮಡಚಿದರು. "ಕುತ್ತಿಗೆ ತಿರುಗಿಸೋದು ತಪ್ಪೋಕೆ ಬಲಗಡೆ ಕನ್ನಡಿ. ಮೊದಲ ವಾರ ಸಮತಟ್ಟು ರಸ್ತೆಯಲ್ಲಿ ಹತ್ತು ಹದಿನೈದು ನಿಮಿಷ, ಪರ್ವತಿ ಗುಡ್ಡದ ಕಡೆ ತಲೆ ಹಾಕಬೇಡಿ. ಮತ್ತೆ, ತಗೊಳ್ಳೋ ಮುಂಚೆ ಇಪ್ಪತ್ತು ನಿಮಿಷ ಓಡಿಸಿ ನೋಡಿ. ಅಂಗಡಿ ಮುಂದಿನ ಎರಡು ಸುತ್ತಿನಲ್ಲಿ ಯಾವ ಸೀಟೂ ಚುಚ್ಚಲ್ಲ."

"ಪುಣೇದ ಅಂಗಡ್ಯಾವ ಇಪ್ಪತ್ತು ನಿಮಿಷ ಸೈಕಲ್ ಬಿಡ್ತಾನೇನ್ರಿ?" ಮಾಸ್ತರಿಗೆ ಚಿಂತೆ ಹತ್ತಿತು.

"ಏನಾದ್ರೂ ಒತ್ತೆ ಇಡಿ. ಸ್ಕೂಟರ್ ಕೀ."

"ಸ್ಕೂಟರ್ ಯಾಕ? ಕಾಕಾನ್ನ ಇಡ್ತೀನಿ."

"ಇಡ್ರಿ ಇಡ್ರಿ," ಕಾಕಾ ಇನ್ನೊಂದು ಕಾಫಿಗೆ ಕೈ ಎತ್ತಿದರು. "ಇಪ್ಪತ್ತು ನಿಮಿಷ ನನ್ನ ಮಾತ ಕೇಳಿದಾವ ಸೈಕಲ್ ಹಂಗ ಕೊಟ್ಟು ಮೊದಲ ನನ್ನ ಮನಿಗೆ ಬಿಟ್ಟ ಬರ್ತಾನ."