ಓದುಗರ ಸ್ಪಂದನ: ತೇವ ಅಳೆಯುವ ಕೋಲು ಸಿದ್ಧವಿದೆ, ಪೇಟೆಂಟ್ ಯಾರ ಹೆಸರಿಗೆ?

ಕಳೆದ ವಾರದ ಸಮಸ್ಯೆ: ಮೂಡಿಗೆರೆಯವನು, ವಯಸ್ಸು 31. ಹಾಸನದ ಕೈಗಾರಿಕಾ ಪ್ರದೇಶದ ಕಂಪನಿಯೊಂದರಲ್ಲಿ ಎಲೆಕ್ಟ್ರಾನಿಕ್ಸ್ ಎಂಜಿನಿಯರ್. ಕಣದಲ್ಲಿ ಹರಡಿದ ಪಾರ್ಚ್‌ಮೆಂಟ್ ಕಾಫಿಗೆ (ಹಣ್ಣಿನ ತಿರುಳು ತೆಗೆದ, ಒಳಸಿಪ್ಪೆ ಇನ್ನೂ ಉಳಿದಿರುವ ಬೀಜ) ಚುಚ್ಚಿದರೆ ತೇವಾಂಶ ತೋರಿಸುವ ಕೋಲೊಂದನ್ನು ರಜಾದಿನಗಳಲ್ಲಿ ಮಾಡಿದ್ದೇನೆ. ಅದರ ಪ್ರೋಗ್ರಾಂ ಗೆಳೆಯ ಬರೆದದ್ದು. ಹುರುಪಿನಲ್ಲಿ ವಿಡಿಯೊ ಮಾಡಿ 200 ಬೆಳೆಗಾರರಿರುವ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ್ದೆ. ಪೇಟೆಂಟ್ ಪಡೆದು, ಅದರ ಬಲದ ಮೇಲೆ ಪ್ರಾಡಕ್ಟ್ ಮ್ಯಾನೇಜರ್ (ಯಾವ ಉತ್ಪನ್ನ, ಯಾರಿಗೆ ಎಂದು ತೀರ್ಮಾನಿಸುವ ಹುದ್ದೆ) ಆಗಬೇಕೆಂಬ ಆಸೆ. ಎಲ್ಲಿಂದ ಶುರು ಮಾಡಲಿ?

*

ಮೊದಲು ಆ ವಿಡಿಯೊ ವಿಷಯ ಇತ್ಯರ್ಥವಾಗಲಿ. ಅರ್ಜಿಗೆ ಮುಂಚೆಯೇ ಜನರ ಕಣ್ಣಿಗೆ ಬಿದ್ದದ್ದು ಹೊಸ ಆವಿಷ್ಕಾರ ಅನ್ನಿಸಿಕೊಳ್ಳುವುದಿಲ್ಲ. ಅಮೆರಿಕದಲ್ಲಿ ಸ್ವಂತ ಪ್ರಕಟಣೆಗೆ ಒಂದು ವರ್ಷದ ರಿಯಾಯಿತಿ ಉಂಟು, ನಮ್ಮ 1970ರ ಪೇಟೆಂಟ್ ಕಾಯ್ದೆಯಲ್ಲಿ ಅಂಥ ಸಾರಾಸಗಟು ರಿಯಾಯಿತಿ ಇಲ್ಲ. 31ನೇ ಸೆಕ್ಷನ್ ರಕ್ಷಿಸುವುದು ಕೇಂದ್ರ ಸರ್ಕಾರ ಅಧಿಸೂಚಿಸಿದ ವಸ್ತುಪ್ರದರ್ಶನ, ವಿದ್ವತ್ ಸಂಸ್ಥೆಯ ಮುಂದೆ ಓದಿದ ಪ್ರಬಂಧ ಇಂಥವನ್ನು ಮಾತ್ರ. ವಿಡಿಯೊವನ್ನು ತೆರೆದು ನಿಲ್ಲಿಸಿ ನಿಲ್ಲಿಸಿ ನೋಡಿ. ಕೋಲಿನ ಹೊರಮೈ, ಪರದೆಯ ಅಂಕಿ ಇಷ್ಟೇ ಕಂಡರೆ ಒಳಗಿನ ತಂತ್ರ ಬಯಲಾಗಿಲ್ಲ ಎಂದು ವಾದಿಸಲು ಜಾಗವಿದೆ. ಎಲೆಕ್ಟ್ರೋಡ್ ಜೋಡಣೆ, ಲೆಕ್ಕ ಹಾಕುವ ರೀತಿ ಬಾಯಿಬಿಟ್ಟು ಹೇಳಿದ್ದರೆ ಆ ಭಾಗ ಕೈತಪ್ಪಿತು ಅಂದುಕೊಂಡು, ಆಮೇಲೆ ಸುಧಾರಿಸಿದ್ದರ ಮೇಲೆ ಅರ್ಜಿ ಕಟ್ಟಿ. ಈಗ ಅಳಿಸಿ ಪ್ರಯೋಜನವಿಲ್ಲ. ಕಣದಲ್ಲಿ ನಡೆಸಿದ ಪರೀಕ್ಷೆಯ ಮಾತು ಬೇರೆ: ಬಯಲಲ್ಲೇ ಪ್ರಯೋಗ ಮಾಡದೆ ಗತಿಯಿಲ್ಲದ ಉಪಕರಣಕ್ಕೆ, ಅರ್ಜಿಯ ಹಿಂದಿನ ಒಂದು ವರ್ಷದೊಳಗಿನ ಪ್ರಯೋಗವನ್ನು 32ನೇ ಸೆಕ್ಷನ್ ಕಾಯುತ್ತದೆ. ನಾಲ್ಕು ಜನಕ್ಕೆ ಮಾರಿ ಅದನ್ನೂ ಪ್ರಯೋಗ ಅಂದರೆ ನಡೆಯುವುದಿಲ್ಲ.

ಇಂಥದ್ದು ಮೊದಲೇ ಇದೆಯೇ ಎಂಬ ಹುಡುಕಾಟವನ್ನು ಗೂಗಲ್ ಪೇಟೆಂಟ್ಸ್ ಮತ್ತು ಪೇಟೆಂಟ್ ಕಚೇರಿಯ ಹುಡುಕು ತಾಣ ಇನ್‌ಪಾಸ್ ಎರಡರಲ್ಲೂ ಮಾಡಿ. ‘ಕಾಫಿ’ ಎಂದು ಹೊಡೆದು ಏನೂ ಸಿಗಲಿಲ್ಲ ಎಂದು ಖುಷಿಪಡಬೇಡಿ. ನಿಮಗೆ ಅಡ್ಡ ಬರುವುದು ಭತ್ತ, ಮೆಕ್ಕೆಜೋಳ, ಮರ, ಮಣ್ಣಿನ ತೇವಮಾಪಕಗಳು. ಕೆಪ್ಯಾಸಿಟೆನ್ಸ್‌ನಿಂದ (ವಿದ್ಯುದಾವೇಶ ಹಿಡಿದಿಡುವ ಸಾಮರ್ಥ್ಯ) ಅಳೆಯುವಂಥವು ಅಂತರರಾಷ್ಟ್ರೀಯ ಪೇಟೆಂಟ್ ವರ್ಗೀಕರಣದ ಜಿ01ಎನ್ 27/22 ವರ್ಗದಲ್ಲಿವೆ, ಆ ವರ್ಗ ಹಿಡಿದು ಹುಡುಕಿ.

ಕ್ಲೇಮ್ (ಯಾವುದರ ಮೇಲೆ ಹಕ್ಕು ಬೇಕೆಂಬ ಹೇಳಿಕೆ) ಬರೆಯುವಾಗ, ಯಾವುದಕ್ಕೆ ಪೇಟೆಂಟ್ ಇಲ್ಲ ಎಂದು ಹೇಳುವ 3ನೇ ಸೆಕ್ಷನ್ನಿನ ಮೂರು ಗುಂಡಿಗಳಿವೆ. ಅಂಗಡಿಯ ಸೆನ್ಸರ್, ಅಂಗಡಿಯ ಬೋರ್ಡ್, ಬ್ಲೂಟೂತ್ ಜೋಡಿಸಿದೆ ಅಂದರೆ 3(ಎಫ್): ಗೊತ್ತಿರುವ ಸಾಧನಗಳನ್ನು ಪಕ್ಕಪಕ್ಕ ಇಟ್ಟದ್ದಷ್ಟೇ. ಓದನ್ನು ಸರಿಪಡಿಸುವ ಸೂತ್ರವನ್ನು ಮಾತ್ರ ಕೇಳಿದರೆ 3(ಕೆ): ಬರೀ ಗಣಿತ. ‘ಕಾಫಿ ಒಣಗಿಸುವ ವಿಧಾನ’ ಅಂದರೆ ಕೃಷಿ ವಿಧಾನವೆಂದು 3(ಎಚ್) ಎತ್ತುವ ಅಪಾಯ. ಹಾಗಾಗಿ ಉಪಕರಣವನ್ನೇ ಕೇಳಿ: ಯಾವ ಆಕಾರದ ಎಲೆಕ್ಟ್ರೋಡ್, ಉಷ್ಣಸಂವೇದಕ ಎಲ್ಲಿ ಕೂತಿದೆ, ಹಾಗೆ ಕೂತಿದ್ದರಿಂದ ಯಾವ ತಪ್ಪು ಓದು ತಪ್ಪಿತು.

ವ್ಯಕ್ತಿಯ ಹೆಸರಿನಲ್ಲಿ ಆನ್‌ಲೈನ್ ಅರ್ಜಿಗೆ ಸರ್ಕಾರಿ ಶುಲ್ಕ 1,600 ರೂಪಾಯಿ. 30 ಪುಟ, 10 ಕ್ಲೇಮ್ ದಾಟಿದರೆ ಪುಟಕ್ಕೆ 160, ಕ್ಲೇಮಿಗೆ 320. ನಮ್ಮ ರಾಜ್ಯ ಚೆನ್ನೈ ಕಚೇರಿಗೆ ಸೇರುತ್ತದೆ, ಹೋಗುವ ಅಗತ್ಯವಿಲ್ಲ. ಪ್ರಾವಿಷನಲ್ (ತಾತ್ಕಾಲಿಕ ವಿವರಣೆ) ಹಾಕಿದ 12 ತಿಂಗಳೊಳಗೆ ಕಂಪ್ಲೀಟ್ (ಪೂರ್ಣ ವಿವರಣೆ) ಹಾಕದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ಅರ್ಜಿಯನ್ನು ಕಚೇರಿ ಪರಿಶೀಲಿಸಲಿ ಎಂದು ಕೋರುವ ಫಾರ್ಮ್ 18 ತಾನಾಗಿ ಹೋಗುವುದಿಲ್ಲ: ಮೊದಲ ಅರ್ಜಿಯ ದಿನದಿಂದ 31 ತಿಂಗಳೊಳಗೆ 4,000 ರೂಪಾಯಿ ಕಟ್ಟಿ ನೀವೇ ಕೇಳಬೇಕು. ಆಕ್ಷೇಪಣೆಯ ಪತ್ರ ಬಂದರೆ ಉತ್ತರಕ್ಕೆ 6 ತಿಂಗಳು. ಏಜೆಂಟ್ ಫೀಸು ಇದರಲ್ಲಿ ಸೇರಿಲ್ಲ.

ಹೆಚ್ಚಿನವರು ಎಡವುವುದು ಪ್ರಾವಿಷನಲ್‌ನಲ್ಲಿ. ದಿನಾಂಕ ಸಿಕ್ಕರೆ ಸಾಕೆಂದು ಒಂದೂವರೆ ಪುಟ ಗೀಚಿ ಹಾಕುತ್ತಾರೆ. ಅದರಲ್ಲಿ ಬರೆಯದ್ದಕ್ಕೆ ಆ ದಿನಾಂಕ ಸಿಗುವುದೇ ಇಲ್ಲ. ಚಿತ್ರಗಳು, ಅಂತರಗಳು (ಒಂದೇ ಅಳತೆಯಲ್ಲ, ಇಷ್ಟರಿಂದ ಇಷ್ಟರವರೆಗೆ), ಬದಲಿ ಲೋಹ, ಬದಲಿ ಜೋಡಣೆ ಎಲ್ಲವನ್ನೂ ಮೊದಲ ದಿನವೇ ತುಂಬಿ.

– ಪೇಟೆಂಟ್ ಏಜೆಂಟ್, ಹಾಸನ

*

ಮೇಲಿನವರು ಹೇಳುವ ಎಲ್ಲಕ್ಕೂ ಮುಂಚೆ ನಿಮ್ಮ ನೇಮಕಾತಿ ಪತ್ರ ತೆಗೆಯಿರಿ. ನೌಕರನ ಆವಿಷ್ಕಾರ ಯಾರದ್ದೆಂದು ನಮ್ಮ ಪೇಟೆಂಟ್ ಕಾಯ್ದೆ ಪ್ರತ್ಯೇಕವಾಗಿ ಹೇಳಿಲ್ಲ, ಒಪ್ಪಂದವೇ ನಿರ್ಣಾಯಕ. ‘ಕೆಲಸದ ಅವಧಿಯಲ್ಲಿ’, ‘ಕಂಪನಿಯ ಸಾಧನ ಬಳಸಿ’, ‘ಕಂಪನಿಯ ವ್ಯವಹಾರಕ್ಕೆ ಸಂಬಂಧಿಸಿದ’ ಎಂಬ ಮೂರು ಮಾತಿಗೆ ಅಡಿಗೆರೆ ಎಳೆಯಿರಿ. ಭಾನುವಾರವೇ ಮಾಡಿರಬಹುದು, ಆದರೆ ಸರ್ಕ್ಯೂಟ್ ಚಿತ್ರ ಆಫೀಸ್ ಲ್ಯಾಪ್‌ಟಾಪಿನಲ್ಲಿದ್ದರೆ, ಹಿಡಿ ಕಂಪನಿಯ 3ಡಿ ಪ್ರಿಂಟರಿನಿಂದ ಬಂದಿದ್ದರೆ ಕಷ್ಟ. ಎಚ್‌ಆರ್‌ನಿಂದ ನಿರಾಕ್ಷೇಪಣಾ ಪತ್ರ ಲಿಖಿತವಾಗಿ ಪಡೆಯಿರಿ. ಕೇಳುವಾಗ ತಂತ್ರ ವಿವರಿಸಬೇಡಿ, ‘ಕಾಫಿ ಒಣಗಿಸುವಲ್ಲಿ ಬಳಸುವ ಅಳತೆ ಸಾಧನ’ ಅಂದರೆ ಸಾಕು. ಕೊಡದಿದ್ದರೆ, ಕಂಪನಿಯ ಹೆಸರಿನಲ್ಲೇ ಅರ್ಜಿ ಹೋದರೂ ಆವಿಷ್ಕಾರಕನಾಗಿ ನಿಮ್ಮ ಹೆಸರು ಇರಲೇಬೇಕೆಂದು ಪಟ್ಟು ಹಿಡಿಯಿರಿ. ನೌಕರಿ ಬದಲಿಸುವಾಗ ನಿಮಗೆ ಬೇಕಾದದ್ದೂ ಅದೇ.

ಗೆಳೆಯರ ಲೆಕ್ಕ ಇನ್ನೂ ಸೂಕ್ಷ್ಮ. ನೀವು ಹೇಳಿದ್ದನ್ನು ಕೋಡ್ ಮಾಡಿಕೊಟ್ಟಿದ್ದರೆ ಅವರು ಸಹ ಆವಿಷ್ಕಾರಕರಲ್ಲ. ತಪ್ಪು ಓದನ್ನು ಸರಿಪಡಿಸುವ ಉಪಾಯ ಅವರದ್ದಾಗಿದ್ದರೆ ಹೌದು. ಇಬ್ಬರ ಹೆಸರಿನಲ್ಲಿ ಪೇಟೆಂಟ್ ಆದರೆ, ಬೇರೆ ಒಪ್ಪಂದವಿಲ್ಲದಿದ್ದರೆ, 50ನೇ ಸೆಕ್ಷನ್ ಪ್ರಕಾರ ಸಮಪಾಲು. ಒಬ್ಬರ ಒಪ್ಪಿಗೆಯಿಲ್ಲದೆ ಇನ್ನೊಬ್ಬರು ಲೈಸೆನ್ಸ್ ಕೊಡುವಂತಿಲ್ಲ. ಸ್ನೇಹ ಚೆನ್ನಾಗಿರುವಾಗಲೇ ಬರೆದುಕೊಳ್ಳಿ.

– ಒಪ್ಪಂದಗಳ ಕೆಲಸ ನೋಡುವವರು, ಚಿಕ್ಕಮಗಳೂರು

*

ಕೋಲು ಸರಿಯಾಗಿ ಓದುತ್ತದೆಯೇ ಎಂಬುದನ್ನು ಯಾರೂ ಕೇಳಿಲ್ಲ! ಕೆಪ್ಯಾಸಿಟೆನ್ಸ್ ಕೋಲಾದರೆ ಅದು ನೀರನ್ನಷ್ಟೇ ಅಳೆಯುವುದಿಲ್ಲ, ಬೀಜ ಎಷ್ಟು ಒತ್ತಾಗಿ ಕೂತಿದೆ ಎಂಬುದನ್ನೂ ಸೇರಿಸಿಯೇ ಅಳೆಯುತ್ತದೆ. ಅದೇ ಪಾರ್ಚ್‌ಮೆಂಟನ್ನು ಡಬ್ಬಿಗೆ ಸಡಿಲವಾಗಿ ಸುರಿದು ಒಮ್ಮೆ ಓದಿ, ಡಬ್ಬಿ ಕುಟ್ಟಿ ಮತ್ತೆ ಓದಿ. ಅಂಕಿ ಏರುತ್ತದೆ. ಜೊತೆಗೆ ಬಿಸಿಲಿಗೆ ಕಾದ ಕಾಫಿ, ಮುಂಜಾನೆಯ ತಣ್ಣನೆ ಕಾಫಿ ಎರಡೂ ಬೇರೆ ಬೇರೆ ಅಂಕಿ ಕೊಡುತ್ತವೆ.

ಇದಕ್ಕಿಂತ ದೊಡ್ಡ ಮೋಸ ಮಧ್ಯಾಹ್ನ 3 ಗಂಟೆಯದು. ಬೀಜದ ಹೊರಭಾಗ ಒಣಗಿರುತ್ತದೆ, ನಡುವೆ ಹಸಿ ಇರುತ್ತದೆ. ಕೋಲು 11 ಶೇಕಡ ಅನ್ನುತ್ತದೆ. ಸಂಜೆ ಗುಡ್ಡೆ ಮಾಡಿ ಟಾರ್ಪಾಲ್ ಹೊದಿಸಿದರೆ ರಾತ್ರಿಯಿಡೀ ಒಳಗಿನ ತೇವ ಹೊರಕ್ಕೆ ಹರಡಿ, ಬೆಳಿಗ್ಗೆ ಅದೇ ಕಾಫಿ ಹೆಚ್ಚು ತೋರಿಸುತ್ತದೆ. ಮಧ್ಯಾಹ್ನದ ಅಂಕಿ ನಂಬಿ ಮೂಟೆ ಕಟ್ಟಿದವರ ಗೋದಾಮಿನಲ್ಲಿ ಬೂಷ್ಟು ಬರುತ್ತದೆ. ಈ ವ್ಯತ್ಯಾಸವನ್ನು ಕೋಲೇ ಗುರುತಿಸುವಂತೆ ಮಾಡಿದ್ದರೆ ಪೇಟೆಂಟಿನ ತಿರುಳು ಅಲ್ಲಿದೆ, ಬ್ಲೂಟೂತ್‌ನಲ್ಲಿಲ್ಲ.

ಕೋಲಿನ ಅಂಕಿ ತಾಳೆ ನೋಡಲು ಓವನ್ ವಿಧಾನವೇ ಆಧಾರ. ಅಂತರರಾಷ್ಟ್ರೀಯ ಮಾನಕ ಐಎಸ್‌ಒ 6673ರ ಪ್ರಕಾರ 105 ಡಿಗ್ರಿಯಲ್ಲಿ 16 ಗಂಟೆ ಇಟ್ಟು ತೂಕದ ನಷ್ಟ ಲೆಕ್ಕ ಹಾಕುತ್ತಾರೆ. ಅದು ಸಿಪ್ಪೆ ತೆಗೆದ ಹಸಿರು ಬೀಜಕ್ಕೆ, ನಿಮ್ಮ ಕೋಲು ಓದುವುದು ಸಿಪ್ಪೆಯ ಸಮೇತ. ಆದ್ದರಿಂದ ಪ್ರತಿ ಓದಿನ ಜಾಗದಿಂದಲೇ ಮಾದರಿ ತೆಗೆದು, ಸಿಪ್ಪೆ ಬಿಡಿಸಿ, ಕೂಡಲೇ ಗಾಳಿಯಾಡದ ಡಬ್ಬಿಗೆ ಹಾಕಿ. 9ರಿಂದ 20 ಶೇಕಡದವರೆಗೆ ಕನಿಷ್ಠ ಐದಾರು ಹಂತ, ಹಂತಕ್ಕೆ ಮೂರು ಮಾದರಿ. ಅರೇಬಿಕಾ ಪಾರ್ಚ್‌ಮೆಂಟಿಗೆ ಮಾಡಿದ ತಾಳೆಪಟ್ಟಿ ರೊಬಸ್ಟಾ ಚೆರಿಗೆ (ಇಡೀ ಹಣ್ಣಾಗಿಯೇ ಒಣಗಿಸಿದ್ದು) ಹೊಂದುವುದಿಲ್ಲ, ಅದಕ್ಕೆ ಬೇರೆಯೇ ಮಾಡಿ.

– ಕ್ಯೂರಿಂಗ್ ವರ್ಕ್ಸ್ (ಕಾಫಿ ಸಂಸ್ಕರಣಾ ಘಟಕ) ಗುಣಮಟ್ಟ ವಿಭಾಗ, ಚಿಕ್ಕಮಗಳೂರು

*

ಪೇಟೆಂಟ್ ಇದೆ ಎಂಬ ಒಂದೇ ಕಾರಣಕ್ಕೆ ಪ್ರಾಡಕ್ಟ್ ಮ್ಯಾನೇಜರ್ ಹುದ್ದೆ ಸಿಗುವುದಿಲ್ಲ. ಸಂದರ್ಶನದಲ್ಲಿ ಕೇಳುವುದು ‘ಏನು ಕಂಡುಹಿಡಿದಿರಿ’ ಅಂತಲ್ಲ; ‘ಯಾರಿಗೆ, ಯಾಕೆ, ಯಾವುದನ್ನು ಬೇಡ ಅಂದಿರಿ’ ಅಂತ. ಪ್ರಾಜೆಕ್ಟ್ ಮ್ಯಾನೇಜರ್ ಕೆಲಸದೊಂದಿಗೆ ಗೊಂದಲ ಮಾಡಿಕೊಳ್ಳಬೇಡಿ, ಅವರದ್ದು ಗಡುವಿನ ಚಿಂತೆ.

ನಿಮ್ಮ ಕೋಲನ್ನೇ ಅಭ್ಯಾಸಕ್ಕೆ ಹಿಡಿಯಿರಿ. ಚುಚ್ಚುವವನು ಮೇಸ್ತ್ರಿ ಅಥವಾ ರೈಟರ್ (ತೋಟದ ಗುಮಾಸ್ತ), ದುಡ್ಡು ಕೊಡುವವರು ತೋಟದ ಸಾಹುಕಾರರು, ಕೊನೆಗೆ ತೇವಾಂಶ ಹೇಳಿ ದರ ಮುರಿಯುವವನು ವ್ಯಾಪಾರಿ. ಮೂವರೂ ಬೇರೆ. ‘ಇಂಥದ್ದು ಬಂದರೆ ಕೊಳ್ಳುತ್ತೀರಾ?’ ಅಂತ ಕೇಳಬೇಡಿ. ಮಲೆನಾಡಿನಲ್ಲಿ ಮನೆಗೆ ಬಂದವರಿಗೆ ಯಾರೂ ಇಲ್ಲ ಅನ್ನುವುದಿಲ್ಲ, ಕಾಫಿ ಕೊಟ್ಟು ಹೌದು ಅಂದು ಕಳಿಸುತ್ತಾರೆ. ‘ಹೋದ ವರ್ಷ ಒಣಗಿತು ಅಂತ ಯಾವ ದಿನ, ಹೇಗೆ ತೀರ್ಮಾನಿಸಿದಿರಿ?’ ಅಂತ ಕೇಳಿ. ಹಲ್ಲಲ್ಲಿ ಕಡಿದು ನೋಡಿದೆ ಅಂದರೆ ನಿಮ್ಮ ಪ್ರತಿಸ್ಪರ್ಧಿ ಇನ್ನೊಂದು ಯಂತ್ರವಲ್ಲ, ಆ ಹಲ್ಲು.

ಆಮೇಲೆ ಲೆಕ್ಕ. 10.5 ಶೇಕಡಕ್ಕೆ ನಿಲ್ಲಿಸಬೇಕಾದ 50 ಕೆಜಿ ಮೂಟೆಯನ್ನು ಹೆದರಿ 8.5ಕ್ಕೆ ಒಣಗಿಸಿದರೆ ಒಣ ಅಂಶ 44.75 ಕೆಜಿ ಹಾಗೇ ಇರುತ್ತದೆ, ಮೂಟೆ 48.9 ಕೆಜಿಗೆ ಇಳಿಯುತ್ತದೆ. ಮೂಟೆಗೆ 1.1 ಕೆಜಿ ಗಾಳಿಗೆ ಹೋಯಿತು. ಅದನ್ನು ಆ ದಿನದ ದರದಿಂದ, ತೋಟದ ಮೂಟೆಗಳಿಂದ ಗುಣಿಸಿ. ನೀವು ಕೇಳಬಹುದಾದ ಬೆಲೆಯ ಮೇಲ್ಮಿತಿ ಸಿಕ್ಕಿತು. ಬಿಡಿಭಾಗಕ್ಕೆ 1,800 ಆಗುತ್ತದೆ ಅಂತಿಟ್ಟುಕೊಂಡರೆ 2,500ಕ್ಕೆ ಮಾರಿ ಉಳಿಯಲಾರಿರಿ: ಜಿಎಸ್‌ಟಿ, ಅಂಗಡಿಯವರ ಪಾಲು, ತಾಳೆ ನೋಡುವ ಕೂಲಿ, ಕೆಟ್ಟದ್ದನ್ನು ಬದಲಿಸಿಕೊಡುವ ಖರ್ಚು ಎಲ್ಲ ಅದರಲ್ಲೇ ಬರಬೇಕು.

ಕಂಪನಿಯೊಳಗೆ ಸುಲಭದ ಬಾಗಿಲು ಸರ್ವಿಸ್ ವಿಭಾಗ. ಒಂದು ವರ್ಷದ ದೂರುಗಳನ್ನು ಕೇಳಿ ಪಡೆದು ಕಾರಣವಾರು ವಿಂಗಡಿಸಿ, ಅತಿ ಹೆಚ್ಚು ಖರ್ಚು ತಂದ ಒಂದಕ್ಕೆ ಎರಡು ಪುಟದ ಪ್ರಸ್ತಾವ ಬರೆಯಿರಿ: ತೊಂದರೆ, ಯಾರಿಗೆ, ಎಷ್ಟು ನಷ್ಟ, ಏನು ಮಾಡೋಣ, ಏನು ಮಾಡುವುದು ಬೇಡ. ಪೇಟೆಂಟಿಗಿಂತ ಆ ಎರಡು ಪುಟ ಮೊದಲು ಓದಿಸಿಕೊಳ್ಳುತ್ತದೆ. ಅಂದಹಾಗೆ ಬಯೊಡೇಟಾದಲ್ಲಿ ಅರ್ಜಿ ಸಂಖ್ಯೆ, ದಿನಾಂಕ ಹಾಕಿ ‘ಅರ್ಜಿ ಸಲ್ಲಿಸಲಾಗಿದೆ’ ಎಂದೇ ಬರೆಯಿರಿ. ಸಿಗದ ಪೇಟೆಂಟನ್ನು ಉಪಕರಣದ ಮೇಲೆ ಅಚ್ಚು ಹಾಕಿ ಮಾರಿದರೆ 120ನೇ ಸೆಕ್ಷನ್ನಿನ ದಂಡವೂ ಇದೆ.

– ಪ್ರಾಡಕ್ಟ್ ಮ್ಯಾನೇಜರ್, ಸಕಲೇಶಪುರ ಮೂಲ, ಈಗ ಬೆಂಗಳೂರು

*

ನನ್ನದು ಚಿಕ್ಕ ಮಾತು. ಕಣದ ಬಿಸಿಲಿನಲ್ಲಿ ಮೊಬೈಲ್ ಪರದೆಯೇ ಕಾಣುವುದಿಲ್ಲ, ನಿಮ್ಮ ಪುಟ್ಟ ಪರದೆ ಕಂಡೀತೇ? ಒಣಗಿಸುವ ಆಳುಗಳಲ್ಲಿ ಅಸ್ಸಾಮಿನವರೂ ಇದ್ದಾರೆ, ಕನ್ನಡ ಅಕ್ಷರಕ್ಕಿಂತ ದೊಡ್ಡ ಅಂಕಿ ಮೇಲು. ಕೋಲು ವರ್ಷಕ್ಕೆ ಮೂರು ತಿಂಗಳು ದುಡಿದು ಒಂಬತ್ತು ತಿಂಗಳು ಮೂಲೆಯಲ್ಲಿ ಬೀಳುತ್ತದೆ, ಮಳೆಗಾಲದಲ್ಲಿ ಸೆಲ್ ಸೋರಿ ಒಳಗೆಲ್ಲ ಕಿಲುಬು ಹಿಡಿಯುತ್ತದೆ. ಸೆಲ್ಲಿನ ಮುಚ್ಚಳ ಕೈಯಲ್ಲೇ ತೆಗೆಯುವಂತಿರಲಿ. ಹಿಡಿಗೆ ಕೆಂಪು ಬಣ್ಣ ಬಳಿದು, ತೂತು ಕೊರೆದು ದಾರ ಕಟ್ಟಿ. ಇಲ್ಲದಿದ್ದರೆ ಸಂಜೆ ರಾಶಿ ಎಳೆಯುವಾಗ ಅದೂ ಪಾರ್ಚ್‌ಮೆಂಟ್ ಜೊತೆ ಗುಡ್ಡೆಗೆ ಸೇರಿ ಮೂಟೆಯೊಳಗೆ ಹೋಗುತ್ತದೆ.

– ಬೆಳೆಗಾರ್ತಿ, ಬಾಳೆಹೊನ್ನೂರು